ಎಂಜಿನ್ ಇಲ್ಲದ ಮನೆ

ಬಾಡಿಗೆಗೆ ಮನೆ ಕೇಳಲು ಹೋದವರನ್ನು ನಮ್ಮ ಕಡೆ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ. ಮೊದಲು ಊರು ಯಾವುದೆಂದು ಕೇಳುತ್ತಾರೆ. ಹೇಳಿದರೆ, ಆ ಊರಲ್ಲಿ ತಮಗೆ ಗೊತ್ತಿರುವ ಒಂದಿಬ್ಬರ ಸುದ್ದಿ ತೆಗೆಯುತ್ತಾರೆ. ಆಮೇಲೆ ಬರುತ್ತದೆ ಪ್ರಶ್ನೆ: "ಊರೊಳಗೆ ನಿಮ್ಮ ಮನೆ ಎಲ್ಲಿ ಬತ್ತದೆ?" ದೇವಸ್ಥಾನದ ಹಿಂದೆ, ಕೆರೆ ಏರಿ ಕೆಳಗೆ, ಹಾಲಿನ ಡೇರಿ ಪಕ್ಕ, ಹೀಗೆ ಏನು ಹೇಳಿದರೂ ಕೇಳಿದವರಿಗೆ ಬೇಕಾದದ್ದು ಸಿಕ್ಕಿಬಿಡುತ್ತದೆ. ನನ್ನ ಹೆಂಡತಿ ಸುತ್ತುಬಳಸುತ್ತಿರಲಿಲ್ಲ. "ಕಾಲೋನಿಯಲ್ಲಿ. ನಾವು ಬುದ್ಧನನ್ನು ಒಪ್ಪಿಕೊಂಡ ಮನೆಯವರು" ಅನ್ನುತ್ತಿದ್ದಳು. ಅದಾದ ಮೇಲೆ ಯಾವ ಮನೆಯೂ ಖಾಲಿ ಇರುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಅವಳು ಕಿರಿಯ ಆರೋಗ್ಯ ಸಹಾಯಕಿ, ಹಳ್ಳಿಯವರ ಬಾಯಲ್ಲಿ ಸಿಸ್ಟರ್. ಟಿ. ನರಸೀಪುರ ತಾಲ್ಲೂಕಿನ ಒಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿತ್ತು. ಆ ಊರಿನ ಹೆಸರನ್ನು ಬರೆಯುತ್ತಿಲ್ಲ. ಪಕ್ಕದ ಯಾವ ಊರಿಗೆ ಹಾಕಿದ್ದರೂ ಇಷ್ಟೇ ಆಗುತ್ತಿತ್ತು. ಒಂದರ ಹೆಸರು ಬರೆದು ಉಳಿದವನ್ನು ಬಿಟ್ಟರೆ ವರದಿ ತಪ್ಪಾಗುತ್ತದೆ.

ನಾನು ಆಗ ನಂಜನಗೂಡಿನಿಂದ ಮೈಸೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕು ನನ್ನ ಪಾಲಿಗಿದ್ದವು. ಮಧ್ಯಾಹ್ನದೊಳಗೆ ಬರೆದು ಲಕೋಟೆಗೆ ಹಾಕಿ, ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆ ದಿನದ ಕೆಲಸ ಮುಗಿಯಿತು. ಅಣ್ಣನಿಗೆ ನಂಜನಗೂಡಿನಲ್ಲಿ ಊಟಿ ರಸ್ತೆಯ ಪಕ್ಕ ಒಂದು ಶೆಡ್ ಇತ್ತು. ಲಾರಿ, ಟೆಂಪೋಗಳಿಗೆ ಬಾಡಿ ಕಟ್ಟುವ ಕೆಲಸ. ಶೆಡ್ಡಿನ ಹಿಂದೆ ಅವನ ಮನೆ, ಮನೆಯ ಪಕ್ಕದ ಕೋಣೆಯಲ್ಲಿ ನಾವಿಬ್ಬರು.

ಅವಳ ಉಪಕೇಂದ್ರ ಊರ ಮುಂದಿನ ರಸ್ತೆಗೆ ಮುಖ ಮಾಡಿತ್ತು. ಎರಡು ಕೋಣೆ. ಮುಂದಿನದು ಚುಚ್ಚುಮದ್ದಿಗೆ, ರಿಜಿಸ್ಟರುಗಳಿಗೆ. ಹಿಂದಿನದು ಸಿಸ್ಟರ್ ವಾಸಕ್ಕೆ. ಅವಳು ಬರುವ ಮೊದಲೇ, ಹಿಂದಿನ ಮಳೆಗಾಲದಲ್ಲಿ, ವಾಸದ ಕೋಣೆಯ ಸೂರು ಒಳಕ್ಕೆ ಕುಸಿದಿತ್ತು. ದುರಸ್ತಿಗೆ ಪತ್ರ ಬರೆಯಲಾಗಿದೆ ಎಂಬ ಉತ್ತರ ಪ್ರತಿ ಸಲವೂ ಬರುತ್ತಿತ್ತು. ಅವಳು ನಂಜನಗೂಡಿನಿಂದ ಎರಡು ಬಸ್ಸು ಬದಲಾಯಿಸಿ ದಿನಾ ಓಡಾಡುತ್ತಿದ್ದಳು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಸಿಬ್ಬಂದಿ ಕೇಂದ್ರಸ್ಥಾನದಲ್ಲಿಯೇ ವಾಸ ಮಾಡತಕ್ಕದ್ದು. ಒಂದು ತಿಂಗಳ ಒಳಗೆ ಆ ಊರಲ್ಲಿ ಮನೆ ಮಾಡಬೇಕು. ಆಗದಿದ್ದರೆ, "ಸದರಿ ಸ್ಥಳದಲ್ಲಿ ವಾಸಿಸಲು ನನಗೆ ಇಷ್ಟವಿರುವುದಿಲ್ಲ" ಎಂದು ಬರೆದು ಸಹಿ ಮಾಡಿ ಕೊಡಬೇಕು, ಬೇರೆ ಕಡೆ ಹಾಕುತ್ತಾರೆ. ಶಿಕ್ಷೆಯ ಮಾತು ಎಲ್ಲೂ ಇರಲಿಲ್ಲ. ಓದಿದವರಿಗೆ ಸೌಮ್ಯವಾದ ಕಾಗದ ಅನ್ನಿಸಬೇಕು.

ಅವಳು ಅದನ್ನು ಎರಡು ಸಲ ಓದಿ ಮಡಿಸಿದಳು.

"ಇಷ್ಟ ಇಲ್ಲ ಅಂತ ನಾನ್ಯಾಕೆ ಬರೀಲಿ? ಯಾರಿಗೆ ಇಷ್ಟ ಇಲ್ವೋ ಅವರು ಬರೆದು ಸಹಿ ಹಾಕ್ಲಿ."

"ಬೇರೆ ಕಡೆ ಹಾಕಿದ್ರೆ ಓಡಾಟ ಕಡಿಮೆ ಆಗ್ಬೋದು" ಎಂದೆ.

"ನನ್ನ ಹೆಸರಿನ ಮುಂದೆ ಆ ಸಾಲು ಇರುತ್ತಲ್ಲ? ನಿವೃತ್ತಿ ಆಗೋವರೆಗೂ ಇರುತ್ತೆ. ನೀವು ಪೇಪರಿನವರು, ಮಾರನೇ ದಿನ ತಿದ್ದುಪಡಿ ಅಂತ ಹಾಕಿ ಕೈ ತೊಳ್ಕೋತೀರಿ. ಸರ್ವಿಸ್ ರಿಜಿಸ್ಟರಲ್ಲಿ ತಿದ್ದುಪಡಿ ಹಾಕೋರು ಯಾರು?"

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಆ ತಿಂಗಳು ಮುಗಿಯುವುದರೊಳಗೆ ಆ ಊರಲ್ಲಿ ಅವಳು ವಾಸವಾಗಿರಬೇಕು, ಸುಳ್ಳು ಸಾಲಿಗೆ ಸಹಿ ಬೀಳಬಾರದು.

ಮೂರು ಮನೆ ಕೇಳಿದೆವು. ಮೊದಲನೆಯದು ಹೊಸ ತಾರಸಿ ಮನೆ, ಪಕ್ಕದಲ್ಲಿ ಬೇರೆ ಬಾಗಿಲಿನ ಕೋಣೆ. ಆ ಮನೆಯ ಸೊಸೆಗೆ ಎರಡು ತಿಂಗಳ ಹಿಂದೆ ಹೆರಿಗೆ ಮಾಡಿಸಿದವಳು ಇವಳೇ. ಯಜಮಾನಿ ಮಗುವನ್ನು ತಂದು ತೋರಿಸಿದರು, ತೂಕ ಹೆಚ್ಚಿದೆಯಾ ನೋಡಿ ಎಂದರು. ಕೋಣೆಯ ಮಾತು ತೆಗೆದಾಗ, ತಂಗಿಯ ಮಗಳು ಓದಲು ಬರುತ್ತಾಳೆ ಎಂದರು. ಎರಡನೆಯದು ಪಂಚಾಯ್ತಿ ಸದಸ್ಯರೊಬ್ಬರದು. ರಸ್ತೆ ಬದಿಗೆ ಸಾಲಾಗಿ ಮೂರು ಕೋಣೆ ಕಟ್ಟಿಸಿದ್ದರು, ಎರಡಕ್ಕೆ ಬೀಗ. ಅವರು ಮಾಮೂಲಿ ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, "ರಿಪೇರಿ ಅದೆ ಸಿಸ್ಟ್ರೇ, ಸದ್ಯಕ್ಕಾಗಕಿಲ್ಲ" ಎಂದರು. ಮೂರನೆಯವರು ನಿವೃತ್ತ ಮೇಷ್ಟ್ರು. "ನನಗೇನೂ ಇಲ್ಲಮ್ಮ, ನಾನು ಇದನ್ನೆಲ್ಲ ನಂಬೋನೇ ಅಲ್ಲ. ಮನೇಲಿ ಹೆಂಗಸರು ಸ್ವಲ್ಪ ಹಳೇ ಕಾಲದೋರು" ಎಂದರು. ಅವರ ಹೆಂಡತಿ ಬಾಗಿಲ ಹತ್ತಿರವೇ ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಬಸ್ ಸ್ಟಾಪಿನಲ್ಲಿ ಅವಳೆಂದಳು: "ಹೆರಿಗೆ ಅಂದ್ರೆ ಒಳಮನೆಗೆ ಕೈ ಹಿಡಿದು ಎಳ್ಕೊಂಡು ಹೋಗ್ತಾರೆ. ಬಾಡಿಗೆ ಅಂದ್ರೆ ಜಗಲಿ ದಾಟ್ಸಲ್ಲ."

ಅದೇ ಊರಿನ ಕಾಲೋನಿಯವರು ವಿಷಯ ತಿಳಿದ ದಿನವೇ ಕರೆದರು. ಒಂದೊಂದು ಕೋಣೆಯ ಮನೆಗಳು. ಒಂದು ಸಂಸಾರ ತಮ್ಮ ಮನೆ ಬಿಟ್ಟುಕೊಟ್ಟು ಅಣ್ಣನ ಮನೆಗೆ ಹೋಗಿ ಸೇರಿಕೊಳ್ಳುತ್ತೇವೆ ಎಂದಿತು. ಅವಳು ಅಲ್ಲಿ ಊಟ ಮಾಡಿ ಬಂದಳು, ಮನೆ ಒಪ್ಪಲಿಲ್ಲ. ಒಂದು ಸಂಸಾರವನ್ನು ಎಬ್ಬಿಸಿ ತಾನು ಕೂರಲಾರೆ ಎಂದಳು. ಇನ್ನೊಂದು ಕಾರಣವೂ ಇತ್ತು. ಪಂಚಾಯ್ತಿ ಸದಸ್ಯರು ಆಗಲೇ ಯಾರ ಮುಂದೆಯೋ "ಅಲ್ಲೇ ಅವರ ಜನ ಅವ್ರಲ್ಲ, ಅಲ್ಲಿರ್ಲಿ" ಎಂದಿದ್ದರು. ಅದು ಅವಳ ಕಿವಿಗೆ ಬಿದ್ದಿತ್ತು. "ನನ್ನ ಕೆಲಸದ ಜಾಗ ರಸ್ತೆ ಪಕ್ಕ. ಬಸುರಿಯರು ಬಂದು ಬಾಗಿಲು ತಟ್ಟೋದು ಅಲ್ಲಿ. ನಾನು ಅಲ್ಲೇ ಇರೋಳು" ಎಂದಳು.

ಇದನ್ನು ಸುದ್ದಿ ಮಾಡಬಹುದಿತ್ತು. ಮಾಡಲಿಲ್ಲ. ಸ್ವಂತ ಮನೆಯ ವಿಷಯವನ್ನು ಪತ್ರಿಕೆಯಲ್ಲಿ ಬರೆಯಬಾರದೆಂದು ನನಗೆ ಕಲಿಸಿದ್ದರು, ಈಗಲೂ ಅದು ಸರಿಯೆಂದೇ ನಂಬುತ್ತೇನೆ. ಅವಳಿಗೂ ಬೇಡವಾಗಿತ್ತು. ಹೆದರಿಕೊಂಡು ಕೊಟ್ಟ ಮನೆಯಲ್ಲಿ ಬೆಳಿಗ್ಗೆ ಎದ್ದು ಯಾರ ಮುಖ ನೋಡಲಿ ಎಂದು ಕೇಳಿದ್ದಳು.

ಉಪಕೇಂದ್ರದ ಕಾಂಪೌಂಡಿನಲ್ಲಿ, ಮುಂದಿನ ಕೋಣೆಯ ಪಕ್ಕ, ಹೊಂಗೆ ಮರದ ಕೆಳಗೆ ಒಂದಿಷ್ಟು ಜಾಗವಿತ್ತು. ನಲ್ಲಿ ಇತ್ತು, ಕರೆಂಟು ಇತ್ತು, ಪಾಯಿಖಾನೆ ಇತ್ತು. ಗುಡಿಸಲು ಹಾಕೋಣವೆಂದರೆ ಸರ್ಕಾರಿ ಜಾಗದಲ್ಲಿ ಕಟ್ಟಡಕ್ಕೆ ಅನುಮತಿ ಬೇಕು. ಒಂದು ಭಾನುವಾರ ಅಣ್ಣ ಟೀ ಕುಡಿಯುತ್ತಾ, "ಕಟ್ಟಡ ತಾನೇ ಬ್ಯಾಡ ಅನ್ನದು? ಚಕ್ರದ ಮ್ಯಾಲೆ ಕಟ್ಟದ್ರೆ?" ಎಂದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ಗೊತ್ತಿಲ್ಲ. ಅವಳು ಲೋಟ ಕೆಳಗಿಟ್ಟಳು.

ಶೆಡ್ಡಿನಲ್ಲಿ ಆಗ ಎರಡು ಸಾಮಾನು ಬಿದ್ದಿದ್ದವು. ಒಂದು, ಹಿಂದಿನ ಬಾಡಿ ಪೂರ್ತಿ ತುಕ್ಕು ಹಿಡಿದ ಹಳೆಯ ಪಿಕಪ್. ಎಂಜಿನ್ ಚೆನ್ನಾಗಿತ್ತು. ಇನ್ನೊಂದು, ಮಿಲಿಟರಿ ಹರಾಜಿನಿಂದ ಕೈಯಿಂದ ಕೈಗೆ ದಾಟಿ ಬಂದಿದ್ದ ಒಂಟಿ ಆಕ್ಸಲಿನ ಚಿಕ್ಕ ಟ್ರೈಲರ್. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಅಣ್ಣನ ಜೀಪು ಸುದ್ದಿಯ ಓಡಾಟಕ್ಕೆಂದು ಹೇಗೂ ಹೆಚ್ಚು ದಿನ ನನ್ನ ಕೈಯಲ್ಲೇ ಇರುತ್ತಿತ್ತು. ಪಿಕಪ್ಪಿನ ಬೆನ್ನ ಮೇಲೆ ಕೋಣೆ ಕೂರಿಸುವುದೋ, ಟ್ರೈಲರಿನ ಮೇಲೆ ಕಟ್ಟಿ ಎಳೆದುಕೊಂಡು ಹೋಗುವುದೋ ಎಂಬುದೊಂದು ತೀರ್ಮಾನವಾಗಬೇಕಿತ್ತು.

ಅಣ್ಣ ಸೀಮೆಸುಣ್ಣ ತೆಗೆದುಕೊಂಡು ಸಿಮೆಂಟ್ ನೆಲದ ಮೇಲೆ ಎರಡರ ಅಳತೆಯನ್ನೂ ಅಕ್ಕಪಕ್ಕ ಬರೆದ. ನಾವು ಮೂವರೂ ಗೆರೆಯೊಳಗೆ ಹೋಗಿ ನಿಂತು ನೋಡಿದೆವು. ನಾನು ಪಿಕಪ್ ಪರ ಇದ್ದೆ. ಅಣ್ಣನೂ ಪಿಕಪ್ ಪರ. ಅವನಿಗೆ ಕಾರಣಗಳಿದ್ದವು, ಕಸುಬಿನವನ ಕಾರಣಗಳು.

"ನೋಡವ್ವ, ಟ್ರೈಲರ್ ಎಳ್ಯದು ಅಂದ್ರೆ ಹಿಂದ್ಗಡೆ ಇನ್ನೊಬ್ಬ ಡ್ರೈವರ್ ಕೂತಂಗೆ. ನೀ ಎಡಕ್ಕೆ ಅಂದ್ರೆ ಅವ್ನು ಬಲಕ್ಕೆ ಅಂತನೆ. ರಿವರ್ಸ್ ಅಂತೂ ಕೇಳ್ಲೇಬ್ಯಾಡ. ಅದುಕ್ಕೆ ಬ್ರೇಕೂ ಇಲ್ಲ. ಭಾರ ಒಸಿ ಹಿಂದಕ್ಕೋದ್ರೆ ಬಾಲ ಆಡುಸ್ತದೆ. ಪಿಕಪ್ ಆದ್ರೆ ಒಂದೇ ಗಾಡಿ, ಒಂದೇ ಕಾಗದ, ಒಂದೇ ಬ್ರೇಕು. ನಾಳೆ ಆ ಊರಲ್ಲಿ ಯಾರಾರ ಕ್ಯಾತೆ ತಗುದ್ರೂ ಅಂತಿಟ್ಕೊ, ಕೀ ತಿರುಗ್ಸು, ಓಯ್ತಾ ಇರು."

"ಭಾವ, ಆ ಕೊನೇದು ಇನ್ನೊಂದು ಸಲ ಹೇಳಿ."

"ಯಾವ್ದವ್ವ?"

"ಕ್ಯಾತೆ ತೆಗೆದ್ರೆ?"

"ಕೀ ತಿರುಗ್ಸಿ ಓಯ್ತಾ ಇರದು."

"ಅದಕ್ಕೇ ನನಗೆ ಪಿಕಪ್ ಬೇಡ."

ಅಣ್ಣ ನನ್ನ ಮುಖ ನೋಡಿದ. ನಾನು ಕಾನೂನು ಹೇಳಲು ಹೋದೆ. ಪಿಕಪ್ ವಾಹನ, ವಾಹನ ನಿಲ್ಲಿಸಿಕೊಂಡವರನ್ನು ಯಾರೂ ಹೆಚ್ಚು ಕೇಳುವುದಿಲ್ಲ, ಜಗಳಕ್ಕೆ ಆಸ್ಪದ ಕಡಿಮೆ, ಇತ್ಯಾದಿ.

"ನನಗೆ ಓಡಿಸೋಕೆ ಬರುತ್ತಾ?" ಎಂದಳು.

"ಇಲ್ಲ."

"ಅಂದ್ರೆ ನೀವೇ ಓಡಿಸ್ಬೇಕು. ಬೆಳಿಗ್ಗೆ ನೀವು ನಂಜನಗೂಡಿಗೆ ಬರ್ತೀರಿ. ನನ್ನ ಮನೆ ಸುದ್ದಿ ಬರೆಯೋಕೆ ಹೋಗುತ್ತೆ, ನಾನು ಚುಚ್ಚುಮದ್ದು ಹಾಕೋಕೆ ಹೋಗ್ತೀನಿ. ಸಾಯಂಕಾಲ ನಾನು ಮೊದಲು ಬರ್ತೀನೋ, ಮನೆ ಮೊದಲು ಬರುತ್ತೋ? ಎಂಜಿನ್ ಕೆಟ್ರೆ ಮನೇನ ಭಾವನ ಶೆಡ್ಡಿಗೆ ತರ್ತೀರಿ. ಆಗ ನಾನೂ ಇಲ್ಲೇ ಜಾಕಿ ಮೇಲೆ ಮಲಗ್ಬೇಕಾ?"

ಅಣ್ಣ ನಕ್ಕ. "ಅಲ್ಲ ಕಣವ್ವ, ಟ್ರೈಲರ್ ಆದ್ರೂ ಒಂದ್ಸಲ ಎಳ್ದು ನಿಲ್ಲುಸ್ತೀಯ. ಒಂದ್ಸಲಕ್ಕೆ ಚಕ್ರ ಯಾಕೆ?"

"ಚಕ್ರ ಇಲ್ದಿದ್ರೆ ಕಟ್ಟಡ ಅಂತಾರೆ. ಎಂಜಿನ್ ಇದ್ರೆ ತೆಗೀರಿ ಅಂತಾರೆ. ಎರಡೂ ಅನ್ನೋಕೆ ಆಗಬಾರ್ದು. ನಾನು ಕೆಲಸಕ್ಕೆ ಹೋದಾಗ ಬೀಗ ಹಾಕಿದ ಬಾಗಿಲು ಆ ಊರಲ್ಲೇ ಇರ್ಬೇಕು. ಎಲ್ಲರ ಕಣ್ಣಿಗೂ ಕಾಣ್ಬೇಕು."

ಆಮೇಲೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾನೂ ಅಣ್ಣನೂ ಹೊರಟುಬಿಡಲು ಯಾವುದು ಸುಲಭ ಎಂದು ಲೆಕ್ಕ ಹಾಕುತ್ತಿದ್ದೆವು. ನಾವು ಬೆಳೆದದ್ದೇ ಹಾಗೆ, ಜಗಳ ಬರುವ ಮೊದಲೇ ಚಪ್ಪಲಿ ಹಾಕಿಕೊಳ್ಳುವ ಅಭ್ಯಾಸ. ಅವಳೊಬ್ಬಳು ಉಳಿಯುವ ಲೆಕ್ಕ ಹಾಕಿದ್ದಳು.

ಅಣ್ಣ ಪಿಕಪ್ಪಿನ ಗೆರೆಗಳನ್ನು ಕಾಲಿನಿಂದ ಒರೆಸಿದ.

ಕಟ್ಟಲು ಎರಡು ವಾರ ಹಿಡಿಯಿತು. ಟ್ರೈಲರಿನ ಚಾಸಿಗೆ ಮುಂದೆ ಹಿಂದೆ ಆಂಗಲ್ ಕೂಡಿಸಿ ಉದ್ದ ಮಾಡಿದ, ಆಕ್ಸಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಹೊರಗೆ ತಗಡು, ಒಳಗೆ ಪ್ಲೈವುಡ್, ನಡುವೆ ಬಿಸಿಲು ತಡೆಯಲು ತೆಂಗಿನ ನಾರಿನ ಚಾಪೆ. ಒಂದು ಪಕ್ಕಕ್ಕೆ ಮಂಚ, ಅದರ ಕೆಳಗೆ ಪೆಟ್ಟಿಗೆ. ಇನ್ನೊಂದು ಪಕ್ಕಕ್ಕೆ ಸ್ಟೌ ಇಡುವ ಕಟ್ಟೆ, ಮೇಲೆ ಪಾತ್ರೆಯ ಹಲಗೆ, ಒಂದು ಕಿಟಕಿ. ಬಾಗಿಲಿನ ವಿಷಯಕ್ಕೆ ಮಾತ್ರ ಜಗಳವಾಯಿತು. ಅಣ್ಣ ಬಾಗಿಲನ್ನು ಕುತ್ತಿಗೆಮಟ್ಟಕ್ಕೆ ಇಟ್ಟಿದ್ದ. ಎತ್ತರ ಹೆಚ್ಚಿದರೆ ಗಾಳಿಗೆ ಹೊಯ್ದಾಡುತ್ತದೆ, ಒಳಗೆ ಹೋಗುವಾಗ ಒಂದು ಚೂರು ಬಗ್ಗಿದರಾಯಿತು ಎಂದ.

"ಬಗ್ಗಿ ಹೋಗೋ ಬಾಗಿಲು ಬೇಡ ಭಾವ" ಎಂದಳು.

"ಒಂದು ಗೇಣು ಕಣವ್ವ."

"ಅರ್ಧ ಗೇಣೂ ಬೇಡ."

ಅವನು ಗೊಣಗುತ್ತಾ ಚಾವಣಿಯ ನಡುಭಾಗವನ್ನಷ್ಟೇ ಮೇಲಕ್ಕೆತ್ತಿ, ಅದರ ಕೆಳಗೆ ಬಾಗಿಲು ಕೂರಿಸಿದ. ಶೆಡ್ಡಿಗೆ ಬಂದ ಲಾರಿಯವರೆಲ್ಲ ಇದೇನು, ಕೋಳಿ ಗೂಡೋ ಐಸ್ ಕ್ರೀಂ ಗಾಡಿಯೋ ಎಂದು ಕೇಳಿದರು. "ಸರ್ಕಾರಿ ಕ್ವಾರ್ಟರ್ಸು" ಎಂದು ಅಣ್ಣ ಮುಖ ಗಂಟುಹಾಕಿಕೊಂಡೇ ಹೇಳುತ್ತಿದ್ದ.

ತಿಂಗಳು ಮುಗಿಯಲು ಐದು ದಿನ ಇರುವಾಗ ಬೆಳಿಗ್ಗೆಯೇ ಹೊರಟೆವು. ಜೀಪನ್ನು ಅಣ್ಣ ಓಡಿಸಿದ. ಅವಳು ಹಿಂದೆ ಟ್ರೈಲರಿನ ಕಡೆ ಮುಖ ಮಾಡಿ ಕೂತಳು. ಅಣ್ಣ ಹೇಳಿದ್ದು ಸುಳ್ಳಾಗಿರಲಿಲ್ಲ. ಹದಿನಾರು ಗ್ರಾಮ ದಾಟುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದು ರಸ್ತೆಯಿಂದ ಕೆಳಗಿಳಿಸಿದಾಗ, ಹಿಂದಿನದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗಿತು. ಒಳಗೆ ಪಾತ್ರೆಗಳು ಬಿದ್ದ ಸದ್ದು ಕೇಳಿಸಿತು. ಅಣ್ಣ ಅವಳ ಕಡೆಗಲ್ಲ, ನನ್ನ ಕಡೆ ತಿರುಗಿ ಬೈದ.

ಉಪಕೇಂದ್ರದ ಗೇಟಿನ ಮುಂದೆ ನಿಜವಾದ ಕಷ್ಟ ಬಂತು. ಒಳಕ್ಕೆ ಹೋಗಬೇಕೆಂದರೆ ಹಿಂದಕ್ಕೆ ಬಿಡಬೇಕು. ಅಣ್ಣ ಸ್ಟಿಯರಿಂಗ್ ಒಂದು ಕಡೆ ತಿರುಗಿಸಿದರೆ ಟ್ರೈಲರ್ ಇನ್ನೊಂದು ಕಡೆ. ಮೂರು ಸಲ ಗೇಟಿನ ಕಂಬಕ್ಕೆ ಮುಖ ಕೊಟ್ಟು ನಿಂತಿತು. ಟೀ ಅಂಗಡಿಯ ಮುಂದಿದ್ದವರು ಎದ್ದು ಬಂದರು. ಅವರಲ್ಲೊಬ್ಬ ಟ್ರ್ಯಾಕ್ಟರ್ ಓಡಿಸುವವನು, "ಎಡಕ್ಕೋ ಬಲಕ್ಕೋ ಮೊದ್ಲು ಮನೇಲಿ ಮಾತಾಡ್ಕೊಂಡ್ ಬರಬಾರ್ದಾ ಸಾ?" ಎಂದು ಕೂಗಿದ. ಎಲ್ಲರೂ ನಕ್ಕರು.

"ನಾ ಬಾಡಿ ಕಟ್ಟೋನು ಕಣಪ್ಪ, ಡ್ರೈವರ್ ಅಲ್ಲ" ಎಂದ ಅಣ್ಣ.

ಅವಳು ಕೆಳಗಿಳಿದು, "ಬಿಚ್ಚಿ ಭಾವ, ತಳ್ಳೋಣ" ಎಂದಳು. ಕೊಂಡಿ ಬಿಚ್ಚಿ ಮೂವರೂ ತಳ್ಳಿದೆವು. ನಿಂತವರಲ್ಲಿ ಯಾರೂ ಕೈ ಹಾಕಲಿಲ್ಲ. ಗೇಟು ದಾಟಿ ಹೊಂಗೆ ಮರದ ಕೆಳಗೆ ಹೋದಾಗ, ಎದುರು ಮನೆಯಲ್ಲಿ ಎತ್ತಿನ ಗಾಡಿ ಇಟ್ಟುಕೊಂಡಿದ್ದ ಒಬ್ಬ ಮುದುಕ ಮಾತ್ರ ರಸ್ತೆ ದಾಟಿ ಬಂದ. ಏನೂ ಹೇಳದೆ ಚಕ್ರಕ್ಕೆ ಒಂದು ಕಲ್ಲು ಕೊಟ್ಟ. ಟ್ರೈಲರಿನ ಮುಂದಿನ ಮೂತಿ ನೆಲಕ್ಕೆ ಊರುವುದನ್ನು ನೋಡಿ ಸಹಿಸಲಾಗಲಿಲ್ಲವೋ ಏನೋ, ಎತ್ತು ಬಿಚ್ಚಿದ ಮೇಲೆ ತನ್ನ ಗಾಡಿಯ ಮೂಕಿಗೆ ಆಸರೆ ಕೊಡುವ ಕವೆಗೋಲು ತಂದು ಅದಕ್ಕೆ ಆನಿಸಿದ. ಆಮೇಲೆ ಕೇಳಿದ: "ಗಾಡಿ ಬುಟ್ರಾ?"

"ಬಿಟ್ಟೋ ತಾತ" ಎಂದಳು.

ಅಷ್ಟು ಹೊತ್ತಿಗೆ ಪಂಚಾಯ್ತಿ ಸದಸ್ಯರು ಬಂದರು. ಮೂರು ಕೋಣೆಯವರು. ಟ್ರೈಲರನ್ನು ಒಂದು ಸುತ್ತು ಹಾಕಿ ನೋಡಿ, ಗೇಟಿನ ಹತ್ತಿರ ನಿಂತು, ನನ್ನನ್ನೂ ಅಣ್ಣನನ್ನೂ ಬಿಟ್ಟು ಅವಳಿಗೇ ಹೇಳಿದರು:

"ಸಿಸ್ಟ್ರೇ, ಇಲ್ಲೆಲ್ಲ ಇದು ಆಗಕಿಲ್ಲ. ಗಾಡಿ ಬುಡಿ."

"ಬಿಟ್ಟಾಯ್ತಲ್ಲ ಯಜಮಾನ್ರೇ."

"ಎಲ್ಲಿ ಬುಟ್ರಿ? ಇಲ್ಲೇ ನಿಂತದಲ್ಲ!"

"ಎತ್ತು ಬಿಚ್ಚಿದ ಮೇಲೆ ನಿಮ್ಮೂರಲ್ಲಿ ಏನಂತೀರಿ? ಗಾಡಿ ಬಿಟ್ಟೋ ಅನ್ನಲ್ವಾ?"

ನಮ್ಮ ಮಾತಿನಲ್ಲಿ ಬಸ್ಸು ಹೊರಟರೂ ಬಿಟ್ಟಿತು, ಎತ್ತು ಬಿಚ್ಚಿ ಗಾಡಿ ನಿಲ್ಲಿಸಿದರೂ ಬಿಟ್ಟಿತು. ಅವರು ಹೇಳಿದ್ದು ಬಸ್ಸಿನ ಅರ್ಥದಲ್ಲಿ, ಅವಳು ತೆಗೆದುಕೊಂಡದ್ದು ಎತ್ತಿನ ಗಾಡಿಯ ಅರ್ಥದಲ್ಲಿ. ಮುದುಕ ಮೊದಲು ನಕ್ಕ. "ಸರಿಯಾಗಂದ್ಲು ಕಣ್ಲಾ, ಕೊಂಡಿ ಕಳಚದ್ ಮ್ಯಾಲೆ ಬುಟ್ಟಂಗೇಯ" ಎಂದ. ಟ್ರ್ಯಾಕ್ಟರಿನವನೂ ನಕ್ಕ. ಸದಸ್ಯರ ಮುಖ ಕೆಂಪಾಯಿತು.

"ನಾ ಹೇಳಿದ್ದು ತಗೊಂಡೋಗಿ ಅಂತ!"

"ಎಲ್ಲಿಗೆ?"

"ಎಲ್ಲಿಗಾದ್ರೂ. ಅಲ್ಲಿ ಕಾಲೋನಿ ಹತ್ರ ಜಾಗ ಬಿದ್ದದೆ."

"ಆಸ್ಪತ್ರೆ ಇಲ್ಲಿದೆ. ಆಸ್ಪತ್ರೇನ ಅಲ್ಲಿಗೆ ತಗೊಂಡು ಹೋಗಿ, ಹಿಂದೇನೇ ನಾನೂ ಬರ್ತೀನಿ."

ಅವರು ಹೊರಟುಹೋದರು. ಎರಡನೇ ದಿನ ಮೇಲಿನ ಕಚೇರಿಗೆ ಅರ್ಜಿ ಹೋಯಿತು. ಸರ್ಕಾರಿ ಆವರಣದಲ್ಲಿ ಖಾಸಗಿ ವಾಹನ ನಿಲ್ಲಿಸಿ ಸಾರ್ವಜನಿಕರಿಗೆ ತೊಂದರೆ ಮಾಡಲಾಗುತ್ತಿದೆ ಎಂದಿತ್ತು. ಅದರ ಜೆರಾಕ್ಸ್ ಪ್ರತಿ ಅವಳಿಗೂ ಬಂತು, ಮೇಷ್ಟ್ರ ಕೈಬರಹವೆಂದು ಗುರುತು ಹಿಡಿದಳು. ಅಕ್ಷರ ದುಂಡಾಗಿತ್ತು.

ತಿಂಗಳ ಕೊನೆಯ ದಿನ ಅಧಿಕಾರಿ ಪರಿಶೀಲನೆಗೆ ಬಂದರು. ಮಧ್ಯಾಹ್ನ ಮೂರು ಗಂಟೆ ಇರಬಹುದು. ನಾನು ಜೀಪು ಟ್ರೈಲರಿನ ಜೋಡಿಯಂತೆ ಕಾಣಬಾರದೆಂದು ಅದನ್ನು ಬೇಕೆಂದೇ ರಸ್ತೆಯ ಆ ಕಡೆ, ಟೀ ಅಂಗಡಿಯ ಮುಂದೆ ನಿಲ್ಲಿಸಿದ್ದೆ. ಅಧಿಕಾರಿ ಕೆಟ್ಟವರಲ್ಲ. ಅವರಿಗೆ ಆ ದಿನ ಇನ್ನೂ ಎರಡು ಕೇಂದ್ರ ನೋಡುವುದಿತ್ತು. ಕೈಯಲ್ಲಿ ಒಂದು ನಮೂನೆ ಇತ್ತು. ಕೇಂದ್ರಸ್ಥಾನದಲ್ಲಿ ವಾಸ: ಹೌದು, ಇಲ್ಲ. ಮನೆ: ಸ್ವಂತ, ಬಾಡಿಗೆ, ವಸತಿಗೃಹ. ಸದಸ್ಯರೂ ಮೇಷ್ಟ್ರೂ ಗೇಟಿನ ಹತ್ತಿರ ಬಂದು ನಿಂತಿದ್ದರು. ಮುದುಕ ತನ್ನ ಜಗಲಿಯಲ್ಲಿ ಕೂತಿದ್ದ.

"ಇದು ವಾಹನ ಅಲ್ವೇನಮ್ಮ?" ಎಂದರು ಅಧಿಕಾರಿ.

"ಓಡಿಸಿ ತೋರಿಸಿ ಸರ್. ವಾಹನ ಅಂತ ಒಪ್ಕೋತೀನಿ."

ಅವರು ಮುಂದೆ ಹೋಗಿ ಬಗ್ಗಿ ನೋಡಿದರು. ಕವೆಗೋಲಿನ ಮೇಲೆ ನಿಂತ ಕಬ್ಬಿಣದ ಮೂತಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಎಂಜಿನ್ ಎಲ್ಲಿ?"

"ಇಲ್ಲ ಸರ್."

"ನಂಬರ್ ಪ್ಲೇಟ್ ಇದೆಯಲ್ಲ?"

"ಕ್ವಾರ್ಟರ್ಸ್‌ಗಳಿಗೂ ನಂಬರ್ ಇರುತ್ತೆ ಸರ್."

ಬಾಗಿಲು ತೆಗೆದು ತೋರಿಸಿದಳು. ಮಡಿಸಿದ ಹಾಸಿಗೆ, ಸ್ಟೌ, ಬುದ್ಧನ ಪಟ, ಹಗ್ಗದ ಮೇಲೆ ಒಗೆದ ಬಿಳಿ ಸೀರೆ. ಸ್ಟೌ ಮೇಲೆ ಇನ್ನೂ ಬಿಸಿಯಿದ್ದ ಸಾರು. ಅಧಿಕಾರಿ ಒಳಗೆ ಹತ್ತಿ, ನೆಟ್ಟಗೆ ನಿಂತು, ಸುತ್ತ ನೋಡಿ ಇಳಿದರು. ಅವಳನ್ನು ಸ್ವಲ್ಪ ಈ ಕಡೆ ಕರೆದು, ತಗ್ಗಿದ ದನಿಯಲ್ಲಿ, "ಒಂದು ಕೆಲಸ ಮಾಡಿ. ಇದನ್ನ ಕಟ್ಟಡದ ಹಿಂದಕ್ಕೆ ತಳ್ಳಿಸಿಬಿಡಿ. ರಸ್ತೆಗೆ ಕಾಣದ ಹಾಗೆ. ಅವರಿಗೂ ಸಮಾಧಾನ, ನಾನೂ ಹೌದು ಅಂತ ಬರೆದುಬಿಡ್ತೀನಿ" ಎಂದರು.

"ಹಿಂದೆ ಸೂರು ಬಿದ್ದಿರೋ ಕೋಣೆ ಇದೆ ಸರ್. ಅದನ್ನ ಕಟ್ಟಿಸಿಕೊಡಿ, ಇವತ್ತೇ ಹಿಂದಕ್ಕೆ ಹೋಗ್ತೀನಿ. ಅಲ್ಲಿವರೆಗೂ ಇಲ್ಲೇ. ಇಷ್ಟ ಇಲ್ಲ ಅಂತ ಮಾತ್ರ ಬರೆಯಲ್ಲ."

ಸದಸ್ಯರು ಗೇಟಿನಿಂದಲೇ, "ಅದು ಮನೆ ಅಲ್ಲ ಸಾ, ಡಬ್ಬ!" ಎಂದರು.

"ಡಬ್ಬ ಅಂತ ಕಾಲಂ ಇಲ್ಲಪ್ಪ ಇದರಲ್ಲಿ" ಎಂದರು ಅಧಿಕಾರಿ, ಬೇಸರದಿಂದ. ಅವರು ಅದನ್ನು ತಮಾಷೆಗೆ ಹೇಳಲಿಲ್ಲ. ಆದರೆ ಆ ಕ್ಷಣಕ್ಕೆ ಅವರ ಮನಸ್ಸು ಒಂದು ಕಡೆಗೆ ವಾಲಿತೆಂದು ನನಗೆ ಅನ್ನಿಸಿತು. ಸರ್ಕಾರಿ ನಮೂನೆಯಲ್ಲಿ ಇರುವ ಮೂರು ಮಾತುಗಳಲ್ಲಿ ಒಂದನ್ನು ಆರಿಸಲೇಬೇಕು. ಬಾಡಿಗೆ ಅಲ್ಲ, ವಸತಿಗೃಹ ಅಲ್ಲ. ಪೆನ್ನು ತೆಗೆದು, ನಮೂನೆಯನ್ನು ರಿಜಿಸ್ಟರಿನ ಮೇಲಿಟ್ಟುಕೊಂಡು ಬರೆದರು. ವಾಸ: ಹೌದು. ಮನೆ: ಸ್ವಂತ. ಸಹಿಗೆಂದು ಅವಳ ಕಡೆ ತಿರುಗಿಸಿದರು.

ಅವಳು ಓದಿದಳು. ಸ್ವಂತ ಎಂಬುದರ ಮುಂದೆ ಕಂಸದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪದ ಇತ್ತು: ತಾತ್ಕಾಲಿಕ.

"ಇದು ಯಾಕೆ ಸರ್?"

"ಎಷ್ಟಾದ್ರೂ ಚಕ್ರ ಇದೆಯಲ್ಲಮ್ಮ."

"ಬಾಡಿಗೆ ಮನೇಲಿ ಇರೋರ ಮುಂದೆ ತಾತ್ಕಾಲಿಕ ಅಂತ ಬರೀತೀರಾ ಸರ್? ಅವರನ್ನ ನಾಳೆ ಬೆಳಿಗ್ಗೆ ಮಾಲೀಕ ಬಿಡಿಸ್ಬೋದು. ನನ್ನನ್ನ ಯಾರು ಬಿಡಿಸ್ತಾರೆ?"

ಅಧಿಕಾರಿ ಗೇಟಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ನಾನು ಪತ್ರಿಕೆಯವನೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ನಾನು ಜೇಬಿನಿಂದ ಪುಸ್ತಕ ತೆಗೆದಿರಲಿಲ್ಲ, ಬೆಳಿಗ್ಗೆ ಅವಳು ಅದೊಂದನ್ನೇ ಕೇಳಿಕೊಂಡಿದ್ದಳು. ಅವರು ಕಂಸವನ್ನೂ ಒಳಗಿನ ಪದವನ್ನೂ ಎರಡು ಗೆರೆ ಎಳೆದು ಹೊಡೆದುಹಾಕಿದರು. ಹೊಡೆದದ್ದರ ಪಕ್ಕ ಚಿಕ್ಕ ಸಹಿ ಹಾಕಿ ಎಂದಳು. ಹಾಕಿದರು. ಆಮೇಲೆ ಅವಳು ತನ್ನ ಸಹಿ ಹಾಕಿದಳು, ನಿಧಾನವಾಗಿ, ಪೂರ್ತಿ ಹೆಸರು ಬರೆದು.

ಅಧಿಕಾರಿಯ ಜೀಪು ಹೋದ ಮೇಲೆ ಮೇಷ್ಟ್ರು ಒಳಗೆ ಬಂದು, ತಮ್ಮ ಬಿಪಿ ನೋಡುತ್ತೀರಾ ಎಂದು ಕೇಳಿದರು. ಅವಳು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿದಳು. ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಕಳಿಸಿದಳು.

ಬಿದ್ದ ಸೂರು ಎರಡು ಸಾವಿರದ ಇಸವಿ ದಾಟಿದ ಮೇಲೆ ದುರಸ್ತಿಯಾಯಿತು. ಅದಕ್ಕೆ ಅವಳು ತಿಂಗಳಿಗೊಂದು ಕಾಗದ ಬರೆದಿದ್ದಳು, ನಕಲುಗಳು ಈಗಲೂ ಮನೆಯಲ್ಲಿವೆ. ಅದಕ್ಕೂ ಮೊದಲು, ಎರಡನೇ ವರ್ಷದಲ್ಲಿ, ಪಂಚಾಯ್ತಿ ಸದಸ್ಯರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಸುಸೂತ್ರವಾಯಿತು. ಅದಾದ ವಾರಕ್ಕೆ ಸದಸ್ಯರು ಬಂದು, ಟ್ರೈಲರಿನ ಮೆಟ್ಟಿಲ ಹತ್ತಿರ ನಿಂತು, ರಸ್ತೆ ಬದಿಯ ಕೋಣೆಗಳ ರಿಪೇರಿ ಮುಗಿದಿದೆ, ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಆ ದಿನ ನಾನು ಒಳಗೆ ಊಟ ಮಾಡುತ್ತಿದ್ದೆ, ಮಾತು ಕೇಳಿಸುತ್ತಿತ್ತು. ಅವಳು ಅವರನ್ನು ಒಳಗೆ ಕರೆದಳು. ಅವರು ಹತ್ತಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಕೊನೆಗೆ ಹತ್ತಿ ಬಂದು ಮಂಚದ ಅಂಚಿನಲ್ಲಿ ಕೂತರು.

"ಬಾಡಿಗೆ ಏನೂ ಬ್ಯಾಡ ಸಿಸ್ಟ್ರೇ. ನೀವು ಬಂದ್ರೆ ಸಾಕು."

"ಬೇರೆ ಯಾರಿಗಾದ್ರೂ ಕೊಡಿ ಯಜಮಾನ್ರೇ" ಎಂದಳು. "ಮುಂದಿನ ತಿಂಗಳು ಹೈಸ್ಕೂಲಿಗೆ ಹೊಸ ಮೇಡಂ ಬರ್ತಾರಂತೆ. ನಮ್ಮ ಕಡೆಯೋರೇ. ಅವರು ಬಂದು ಕೇಳ್ತಾರೆ. ಆಗ ರಿಪೇರಿ ಅನ್ನಬೇಡಿ."

ಅವಳು ಮುಂದಿಟ್ಟಿದ್ದ ಟೀ ಲೋಟವನ್ನು ಸದಸ್ಯರು ಕೈಗೆ ತೆಗೆದುಕೊಂಡರು. ಟೀ ಕುಡಿದರು. ಲೋಟ ಕೆಳಗಿಟ್ಟು, "ಕಳ್ಸಿ" ಎಂದರು.